ಮೀನಿಗೆ ಊಟ ಹಾಕುತ್ತಿದ್ದ ಸಾಹುಕಾರರು

ನನಗೆ ಮೀನು ಹಿಡಿಯುವುದನ್ನು ಕಲಿಸಿದವರು ಹುಟ್ಟಿದಾರಭ್ಯ ಮೀನಿನ ಚೂರನ್ನು ನಾಲಿಗೆಗೆ ಮುಟ್ಟಿಸಿದವರಲ್ಲ. ಹಣೆಯ ತುಂಬ ವಿಭೂತಿ, ಎದೆಯ ಮೇಲೆ ಲಿಂಗ, ಅಂಗಳಕ್ಕೆ ಪಕ್ಕದ ಬೀದಿಯ ಕೋಳಿ ದಾರಿ ತಪ್ಪಿ ಬಂದರೂ ಸಗಣಿ ನೀರು ಚಿಮುಕಿಸುವ ಮನೆತನ. ಇದನ್ನು ಹೇಳಿದರೆ ನಾನೀಗ ಪಾಠ ಹೇಳುತ್ತಿರುವ ಹನೂರಿನಲ್ಲಿ ಯಾರೂ ನಂಬುವುದಿಲ್ಲ. ಮೇಷ್ಟ್ರು ಮತ್ತೆ ಶುರುಮಾಡಿದರು ಎಂದು ನಗುತ್ತಾರೆ. ನಗಲಿ. ಹೋದ ವಾರ ಕೊಳ್ಳೇಗಾಲದಲ್ಲಿ ಅವರು ತೀರಿಕೊಂಡರು. ಮೂರನೆಯ ದಿನದ ಕಾರ್ಯಕ್ಕೆ ಹೋಗಿ ಬಂದೆ. ಬಸ್ಸಿನಲ್ಲಿ ವಾಪಸು ಬರುವಾಗ ಅತ್ತದ್ದಕ್ಕಿಂತ ನಕ್ಕದ್ದೇ ಹೆಚ್ಚು. ಪಕ್ಕದಲ್ಲಿದ್ದ ಮಾದಪ್ಪನ ಬೆಟ್ಟದ ಯಾತ್ರಿಕನೊಬ್ಬ ಗಂಟು ಎತ್ತಿಕೊಂಡು ನನ್ನಿಂದ ಸ್ವಲ್ಪ ದೂರ ಸರಿದು ಕೂತ.

ಅವರ ಹೆಸರು ಬರೆಯುವುದಿಲ್ಲ. ಬದುಕಿದ್ದಾಗಲೂ ಯಾರೂ ಅವರನ್ನು ಹೆಸರು ಹಿಡಿದು ಕರೆದದ್ದನ್ನು ನಾನು ಕೇಳಿಲ್ಲ. ಊರಿಗೆಲ್ಲ ಅವರು ಸಾವ್ಕಾರ್ರು. ರೇಷ್ಮೆ ನೂಲು ಕೊಂಡು, ಹುರಿ ಮಾಡಿಸಿ, ಸೀರೆ ನೇಯುವವರಿಗೆ ಮಾರುವುದು ಅವರ ಕಸುಬು. ನಾನು ಹೊಸದಾಗಿ ಮೇಷ್ಟರ ಕೆಲಸಕ್ಕೆ ಸೇರಿ ಅವರ ಮನೆಗೆ ಅಂಟಿಕೊಂಡ ಕೋಣೆಯಲ್ಲಿ ಬಾಡಿಗೆಗಿದ್ದೆ. ಸಾಹುಕಾರರು ಕುಳ್ಳಗೆ, ದುಂಡಗೆ ಇದ್ದರು. ನಾಲ್ಕು ಹೆಜ್ಜೆ ಇಟ್ಟರೆ ಪಂಚೆ ಸಡಿಲವಾಗುತ್ತಿತ್ತು, ನಿಂತು ಬಿಗಿದುಕೊಂಡು ಮುಂದೆ ನಡೆಯುತ್ತಿದ್ದರು. ಎಲ್ಲಿ ದಾರ ಕಂಡರೂ ಎರಡು ಬೆರಳಿನಲ್ಲಿ ಹಿಡಿದು ಎಳೆದು ನೋಡುವುದು ಅವರ ಚಟ. ಹೂವಿನ ಹಾರದ ದಾರ, ಗಾಳಿಪಟದ ದಾರ, ಹಪ್ಪಳದ ಕಟ್ಟಿನ ದಾರ, ಯಾವುದನ್ನೂ ಬಿಡುತ್ತಿರಲಿಲ್ಲ. ನಾನು ಮೊದಲ ಸಲ ಹೊಸ ಕೋಟು ಹೊಲಿಸಿಕೊಂಡು ಅವರ ಮುಂದೆ ನಿಂತಾಗ, ಕೋಟು ಚೆನ್ನಾಗಿದೆ ಎನ್ನುವ ಮೊದಲೇ ಗುಂಡಿಯ ದಾರ ಹಿಡಿದು ಜಗ್ಗಿದರು. ಗುಂಡಿ ಅವರ ಕೈಗೆ ಬಂತು.

"ಮೇಷ್ಟ್ರೆ, ಇದು ದಾರ ಅಲ್ಲ, ಸುಳ್ಳು" ಎಂದು ಗುಂಡಿಯನ್ನು ನನ್ನ ಅಂಗೈಯಲ್ಲಿಟ್ಟರು.

ಅವರ ಭಾಷೆಯಲ್ಲಿ ಹರಿಯುವ ದಾರಕ್ಕೆಲ್ಲ ಸುಳ್ಳು ಎಂದೇ ಹೆಸರು. ಸಂಜೆಯೊಳಗೆ ಗುಂಡಿಗಳೆಲ್ಲ ಅವರ ರೇಷ್ಮೆ ದಾರದಲ್ಲಿ ಮತ್ತೆ ಹೊಲಿಸಿಕೊಂಡು ಬಂದವು. ಕೋಟು ಹರಿದು ಮೂಲೆ ಸೇರಿ ಎಷ್ಟೋ ಕಾಲವಾಯಿತು. ಗುಂಡಿಗಳು ಈಗಲೂ ಗಟ್ಟಿಯಾಗಿವೆ.

ಅವರು ಹೊಳೆಗೆ ಇಳಿದದ್ದೂ ಈ ದಾರದ ಅಭಿಮಾನದಿಂದಲೇ. ಆಗಿನ್ನೂ ಬಿಳಿಯರಿದ್ದ ಕಾಲ. ಶಿವನಸಮುದ್ರದ ಕಡೆ ಬಂಗಲೆಯಲ್ಲಿದ್ದ ಒಬ್ಬ ದೊರೆ ಗಾಳಕ್ಕೆಂದು ಇವರ ಅಂಗಡಿಯಿಂದ ಗಟ್ಟಿ ಹುರಿಯ ರೇಷ್ಮೆ ತರಿಸಿಕೊಂಡಿದ್ದನಂತೆ. ಸ್ವಲ್ಪ ದಿನಕ್ಕೆ ಆ ದೊರೆಯ ಬಟ್ಲರು ಬಂದು ತುಂಡು ದಾರವನ್ನು ಮುಂದಿಟ್ಟು, ಮೀನು ಎಳೆಯಿತು, ನಿಮ್ಮ ದಾರ ಹರಿಯಿತು ಎಂದ. ಆ ದಿನ ಸಾಹುಕಾರರಿಗೆ ಅನ್ನ ಸೇರಲಿಲ್ಲ. ಮಾರನೆಯ ದಿನ ಗಾಡಿ ಕಟ್ಟಿಸಿಕೊಂಡು ನೇರವಾಗಿ ದೊರೆಯ ಹತ್ತಿರ ಹೋಗಿ, ಎಲ್ಲಿ ಹರಿಯಿತು ತೋರಿಸಿ ಎಂದು ಪಟ್ಟು ಹಿಡಿದು, ಹೊಳೆಯ ದಂಡೆಯಲ್ಲಿ ಕೂತರು. ನೋಡಿದರೆ ದಾರ ಹರಿದೇ ಇರಲಿಲ್ಲ. ದೊರೆ ಹಾಕಿದ ಗಂಟು ಜಾರಿತ್ತು. ನೇಯುವವರು ಎಳೆಗೆ ಎಳೆ ಸೇರಿಸುವಾಗ ಹಾಕುವ ಗಂಟನ್ನು ಇವರು ಹಾಕಿ ತೋರಿಸಿದರು. ದೊರೆ ಖುಷಿಯಾಗಿ, ನೀನೇ ಹಿಡಿದು ನೋಡು ಎಂದು ಕೋಲನ್ನು ಇವರ ಕೈಗೆ ಕೊಟ್ಟುಬಿಟ್ಟ. ಹಿಡಿದರು. ಮೀನು ಎಳೆಯಿತು. ಅಲ್ಲಿಗೆ ಮುಗಿಯಿತು.

"ದಾರದ ಆ ತುದೀಲಿ ಜೀವ ಇತ್ತು ಕಣ್ರಿ ಮೇಷ್ಟ್ರೆ" ಎಂದು ನನಗೆ ಹೇಳುವಾಗ ಅವರ ಬೆರಳು ಗಾಳಿಯಲ್ಲೇ ಎಳೆಯುತ್ತಿದ್ದವು. "ಇಷ್ಟ್ ವರ್ಸ ದಾರ ಮಾರಿವ್ನಿ. ಜೀವ ಇರೋ ದಾರ ಇಡ್ದಿದ್ದು ಅವತ್ತೇಯಾ."

ಮನೆಯಲ್ಲಿ ಇದನ್ನು ಹೇಳುವುದು ಹೇಗೆ? ಸಾಹುಕಾರರು ಸುಳ್ಳಾಡುವವರಲ್ಲ. ನಿಜವನ್ನು ಮಾತ್ರ ಅರ್ಧಕ್ಕೆ ನಿಲ್ಲಿಸಿದರು. ಕಾವೇರಿಯ ಮೀನುಗಳಿಗೆ ಊಟ ಹಾಕುವ ಹರಕೆ ಹೊತ್ತಿದ್ದೇನೆ ಎಂದರು. ದೇವಸ್ಥಾನದ ಮಡುಗಳಲ್ಲಿ ಮೀನಿಗೆ ಪುರಿ, ಬೆಲ್ಲ ಹಾಕುವುದು ನಮ್ಮ ಕಡೆ ಇದ್ದದ್ದೇ. ಅಮ್ಮನವರು, ಅಂದರೆ ಅವರ ಹೆಂಡತಿ, ಬಲು ಭಕ್ತಿಯಿಂದ ರಾಗಿ ಹಿಟ್ಟು ಬೇಯಿಸಿ, ಇಂಗು ಹಾಕಿ, ಚೆನ್ನಾಗಿ ನಾದಿ, ನಿಂಬೆಹಣ್ಣಿನ ಗಾತ್ರದ ಉಂಡೆ ಕಟ್ಟಿ ಬಾಳೆ ಎಲೆಯಲ್ಲಿ ಸುತ್ತಿ ಕೊಡುತ್ತಿದ್ದರು. ಗಾಡಿ ಹೊರಡುವಾಗ ಹೊಸಿಲಲ್ಲಿ ನಿಂತು ಪ್ರತಿ ಸಲವೂ ಅದೇ ಮಾತು ಹೇಳುತ್ತಿದ್ದರು.

"ಓಗ್ಬನ್ನಿ. ಎಲ್ಲಕ್ಕೂ ಒಟ್ಟೆ ತುಂಬಾ ಆಕಿ."

ಸಾಹುಕಾರರು ತಲೆ ತಗ್ಗಿಸಿಕೊಂಡು, "ಊಂ, ಆಕ್ತೀನಿ" ಎನ್ನುತ್ತಿದ್ದರು. ಊಟ ಹಾಕುವುದಂತೂ ಹಾಕುತ್ತಿದ್ದರು. ಉಂಡೆಯೊಳಗೆ ಏನಿರುತ್ತಿತ್ತು ಎನ್ನುವುದೊಂದನ್ನು ಹೇಳುತ್ತಿರಲಿಲ್ಲ ಅಷ್ಟೆ. ಹಿಡಿದ ಮೀನು ಒಂದನ್ನೂ ಅವರು ಇಟ್ಟುಕೊಂಡವರಲ್ಲ. ಕೈ ಒದ್ದೆ ಮಾಡಿಕೊಂಡು ಗಾಳ ಬಿಡಿಸಿ, ನೀರಿನೊಳಗೆ ಮೆಲ್ಲಗೆ ಹಿಡಿದು, ಅದು ಬಾಲ ಆಡಿಸುವವರೆಗೆ ಕಾದು ಬಿಡುತ್ತಿದ್ದರು. ಬಿಡುವಾಗ, "ಓಗು ಮಗ, ದಾರ ಎಂಗಿತ್ತು?" ಎಂದು ಕೇಳುತ್ತಿದ್ದರು.

ಈ ವಿದ್ಯೆಯನ್ನು ನನಗೂ ಕಲಿಸಬೇಕೆಂದು ಬೆನ್ನು ಹತ್ತಿದವನು ನಾನೇ. ನನ್ನ ಜೊತೆಗೆ ತಾಲೂಕು ಕಛೇರಿಯ ಗುಮಾಸ್ತರೊಬ್ಬರು ಸೇರಿಕೊಂಡರು. ಕೊಯಮತ್ತೂರು ಕಡೆಯವರು. ಆಗ ನಮ್ಮ ಕೊಳ್ಳೇಗಾಲ ಮದರಾಸಿಗೆ ಸೇರಿದ್ದರಿಂದ ಕಛೇರಿಗೆ ಆ ಕಡೆಯಿಂದ ಜನ ಬರುತ್ತಿದ್ದರು. ಬಲು ಒಳ್ಳೆಯ ಮನುಷ್ಯ, ಮೀನೆಂದರೆ ಪ್ರಾಣ. ರಜೆಯಲ್ಲಿ ಮೂವರೂ ಹೊಳೆಯ ದಂಡೆಯಲ್ಲಿ ಡೇರೆ ಹಾಕಿಕೊಂಡು ಇದ್ದು ಬರೋಣ ಎಂದು ಗೊತ್ತಾಯಿತು. ಆದರೆ ಆ ಹೊತ್ತಿಗೆ ಸಾಹುಕಾರರ ಮನೆಯಲ್ಲಿ ಮಗಳ ಮದುವೆಯ ಮಾತು ನಡೆದಿತ್ತು.

ಆ ಹುಡುಗಿ ಅವರಿಗೆ ಒಬ್ಬಳೇ ಮಗಳು. ಅಪ್ಪನ ಹಾಗೆಯೇ ಬೆರಳಲ್ಲಿ ಕಣ್ಣಿದ್ದವಳು. ರಾಟೆಯ ಮುಂದೆ ಕೂತು ಅವಳು ಹುರಿ ಮಾಡಿದ ದಾರಕ್ಕೆ ಅಂಗಡಿಯಲ್ಲಿ ಬೇರೆಯೇ ಗೌರವ. ಅಪ್ಪನ ಹೊಳೆಯ ದಾರವನ್ನು ಜೇನುಮೇಣ ಸವರಿ ಮಾಡಿಕೊಡುತ್ತಿದ್ದವಳೂ ಅವಳೇ. ಯಾತಕ್ಕೆ ಎಂದು ಕೇಳುತ್ತಿರಲಿಲ್ಲ. ಗಂಡಿನ ಕಡೆಯವರು ಗಡಿಯಾಚೆ ಮೈಸೂರು ಸೀಮೆಗೆ ಸೇರಿದ ಯಳಂದೂರಿನ ಪಕ್ಕದ ಹಳ್ಳಿಯ ಪಟೇಲರು. ಗದ್ದೆ, ತೋಟ, ಒಳ್ಳೆಯ ಹುಡುಗ, ಎಲ್ಲವೂ ಇತ್ತು. ಹುಡುಗ ಹುಡುಗಿ ಒಬ್ಬರನ್ನೊಬ್ಬರು ಒಪ್ಪಿದ್ದರು. ತೊಡಕು ಇದ್ದದ್ದು ಪಟೇಲರಲ್ಲಿ. ಹಿಂದೆ ಒಂದು ಸಂಬಂಧವನ್ನು, ಹೆಣ್ಣಿನ ಸೋದರಮಾವ ಮೈಸೂರಿನಲ್ಲಿ ಮಿಲ್ಟ್ರಿ ಹೋಟೆಲಿನಿಂದ ಇಳಿಯುತ್ತಿದ್ದುದನ್ನು ಯಾರೋ ಕಂಡರೆಂಬ ಕಾರಣಕ್ಕೆ ಮುರಿದವರು. ಆಚಾರದಲ್ಲಿ ಅನುಮಾನ ಬಂದ ಮನೆಯಲ್ಲಿ ನೀರು ಕೂಡ ಮುಟ್ಟುತ್ತಿರಲಿಲ್ಲ. ಸಾಹುಕಾರರ ಮನೆಗೆ ಬಂದಾಗಲೂ, ಮಾದಪ್ಪನ ಬೆಟ್ಟಕ್ಕೆ ಹೋಗಿಬಂದು ಮಾತು ಕೊಡುತ್ತೇನೆ, ಅಲ್ಲಿಯವರೆಗೆ ಏನೂ ಬೇಡ ಎಂದು, ಕೊಟ್ಟ ಮಜ್ಜಿಗೆಯನ್ನು ಹಾಗೇ ಬಿಟ್ಟು ಎದ್ದಿದ್ದರು.

ನಾನು, ಈಗ ಡೇರೆಯ ಮಾತು ಬೇಡ ಎಂದೆ. ಸಾಹುಕಾರರು ಒಪ್ಪಲಿಲ್ಲ.

"ಮನೇಲಿ ಕುಂತ್ರೆ ತಲೆ ಕೆಟ್ಟೋಯ್ತದೆ ಮೇಷ್ಟ್ರೆ. ಇದೇ ಕಡೇ ಸಲ. ನಿಮ್ಗೆ ಕಲ್ಸಿಕೊಟ್ಟು, ಕೋಲು ನಿಮ್ಗೇ ಕೊಟ್ಬುಡ್ತೀನಿ. ನಮ್ಮ ಮಗು ಮದ್ವೆ ಆದ್ಮೇಲೆ ನಾನು ಗಾಳ ಮುಟ್ಟಾಕಿಲ್ಲ. ಅವಳ್ ಬಾಳ್ಗಿಂತ ಎಚ್ಚಾ ಇದು?"

ಸತ್ತೇಗಾಲ ದಾಟಿ, ಊರ ಜನ ಯಾರೂ ಬಾರದ ಕಡೆ, ಹೊಂಗೆ ಮರಗಳ ಕೆಳಗೆ ಡೇರೆ ಹಾಕಿದೆವು. ಗುಮಾಸ್ತರು ಗಾಡಿಯಿಂದ ಮೊದಲು ಇಳಿಸಿದ್ದು ಬಾಣಲೆ. ಆಮೇಲೆ ಹುಣಿಸೆಹಣ್ಣು, ಖಾರದ ಪುಡಿ, ಈರುಳ್ಳಿ, ಒಂದು ಸೀಸೆ ಎಣ್ಣೆ. ಎಲ್ಲವನ್ನೂ ಮರದ ಬುಡದಲ್ಲಿ ಪೂಜೆಗೆ ಇಟ್ಟಹಾಗೆ ಸಾಲಾಗಿ ಇಟ್ಟರು. ಸಾಹುಕಾರರು ಅದನ್ನು ನೋಡಿ ತಮ್ಮ ಅವಲಕ್ಕಿ ಗಂಟನ್ನು ಸ್ವಲ್ಪ ದೂರದ ಇನ್ನೊಂದು ಮರಕ್ಕೆ ತೂಗುಹಾಕಿದರು.

ಪಾಠ ಶುರುವಾಯಿತು. ನಾನೂ ಮೇಷ್ಟ್ರು, ಪಾಠ ಹೇಳುವುದು ಎಂದರೇನು ಎಂದು ನನಗೆ ಗೊತ್ತಿದೆ. ಅವರಷ್ಟು ತಾಳ್ಮೆಯಿಂದ ಹೇಳುವವರನ್ನು ನಮ್ಮ ಇಲಾಖೆಯಲ್ಲಿ ನಾನು ಕಂಡಿಲ್ಲ. ಬಿದಿರ ಕೋಲಿಗೆ ರೇಷ್ಮೆ ಸುತ್ತುವ ಮರದ ಉರುಳೆಯನ್ನೇ ಕಟ್ಟಿದ್ದರು. ಮೀನು ಎಳೆದರೆ ಉರುಳೆ ತಿರುಗಿ ದಾರ ಬಿಚ್ಚಿಕೊಳ್ಳುತ್ತಿತ್ತು. ಮೊದಲು ನಮಗೆ ಹೊಳೆ ನೋಡುವುದನ್ನು ಕಲಿಸಿದರು. ನೀರು ಬಂಡೆಗೆ ಬಡಿದು ಹಿಂದಕ್ಕೆ ಸುತ್ತುವ ಜಾಗ, ನೊರೆ ನಿಂತುಕೊಳ್ಳುವ ಜಾಗ, ಅಲ್ಲಿ ಮೀನು ಕಾಯುತ್ತಿರುತ್ತದೆ ಎಂದರು. ನಮ್ಮ ನೆರಳು ನೀರಿನ ಮೇಲೆ ಬೀಳಬಾರದು, ಬಂಡೆಯ ಮೇಲೆ ಧಪಧಪ ನಡೆಯಬಾರದು. ಉಂಡೆಯನ್ನು ಎಸೆಯುವಾಗ ಗಾಳದಿಂದ ಕಳಚದ ಹಾಗೆ ಮೆಲ್ಲಗೆ ತೂಗಿ ಬಿಡಬೇಕು. ನಾನು ತೂಗಿ ಬಿಟ್ಟೆ. ಉಂಡೆ ಹೊಳೆಗೆ ಬಿತ್ತು, ಗಾಳ ಹೊಂಗೆ ಮರಕ್ಕೆ ಸಿಕ್ಕಿಕೊಂಡಿತು.

"ಸರಿಯಾಯ್ತು. ಅರ್ಧ ಊಟ ಮೀನ್ಗೆ, ಅರ್ಧ ಮರ್ಕೆ" ಎಂದು ಸಾಹುಕಾರರು ಪಂಚೆ ಬಿಗಿದುಕೊಂಡು ತಾವೇ ಕೊಂಬೆ ಬಗ್ಗಿಸಿ ಬಿಡಿಸಿಕೊಟ್ಟರು.

ಗುಮಾಸ್ತರದು ಇನ್ನೊಂದು ತೊಂದರೆ. ದಾರ ಒಂದಿಷ್ಟು ಅಲ್ಲಾಡಿದರೂ ಸಾಕು, "ವಂದಿಡುಚ್ಚು, ವಂದಿಡುಚ್ಚು, ಬಂತು!" ಎಂದು ಕೂಗಿ, ಬಾವಿಯಿಂದ ಬಿಂದಿಗೆ ಸೇದುವ ಹಾಗೆ ಎಳೆದುಬಿಡುತ್ತಿದ್ದರು. ಬರೀ ಗಾಳ ಬಂದು ಅವರ ಅಂಗಿಗೆ ಚುಚ್ಚಿಕೊಳ್ಳುತ್ತಿತ್ತು.

"ಸಾಮಿ, ಮೀನು ಅಂದ್ರೆ ಸೀರೆ ತಕಳಾಕೆ ಬಂದ ಗಿರಾಕಿ ಕಣ್ರಿ" ಎಂದು ಸಾಹುಕಾರರು ಅವರ ಪಕ್ಕ ಕೂತು ಹೇಳಿದರು. "ಮೊದ್ಲು ಮುಟ್ಟಿ ನೋಡ್ತದೆ. ಬ್ಯಾಡ ಅಂತ ಆಚೆ ಓಯ್ತದೆ. ಪಕ್ಕದಂಗ್ಡಿ ತಾವ್ ನಿಂತು ತಿರ್ಗಿ ನೋಡ್ತದೆ. ಆಗ ನೀವು ಆಕಾಸ ನೋಡ್ತಾ ಕುಂತಿರ್ಬೇಕು. ಬನ್ನಿ ಬನ್ನಿ ಅಂತ ಸೆರಗು ಇಡ್ದು ಎಳುದ್ರೆ ಯಾವ ಗಿರಾಕಿ ನಿಂತಾನು?"

ಇಷ್ಟಾದ ಮೇಲೆ ಗುಮಾಸ್ತರೂ ಆಕಾಶ ನೋಡುವುದನ್ನು ಕಲಿತರು. ಸಂಜೆಗೆ ಅವರ ಗಾಳಕ್ಕೆ ಅಂಗೈ ಉದ್ದದ ಮೀನೊಂದು ಬಂತು. ಕುಣಿದಾಡಿಬಿಟ್ಟರು. ಬಾಣಲೆ ಒಲೆಯ ಮೇಲೇರಿತು, ಎಣ್ಣೆಯೂ ಕಾಯಿತು. ಅಷ್ಟರಲ್ಲಿ ಸಾಹುಕಾರರು ಮೀನನ್ನು ನೀರಿನಲ್ಲಿ ಹಿಡಿದು, "ಓಗು ಮಗ" ಎಂದು ಬಿಟ್ಟಾಗಿತ್ತು.

"ಅಯ್ಯೋ ಕಡವುಳೇ!" ಎಂದು ತಮಿಳಿನಲ್ಲಿ ದೇವರನ್ನು ಕರೆದು ಗುಮಾಸ್ತರು ಕಾದ ಎಣ್ಣೆಯ ಮುಂದೆ ಕುಸಿದು ಕೂತರು.

"ನಮ್ ಮನೆಯೋಳು ಒಟ್ಟೆ ತುಂಬಾ ಆಕಿ ಅಂದವ್ಳೆ. ಊಟುಕ್ ಕರ್ದು ಕುತ್ಗೆ ಇಚುಕ್ತಾರಾ ಸಾಮಿ?" ಎಂದರು ಸಾಹುಕಾರರು. ಆ ಎಣ್ಣೆಯಲ್ಲಿ ನಾವು ಈರುಳ್ಳಿ ಹುರಿದು ಅವಲಕ್ಕಿ ಕಲಸಿಕೊಂಡು ತಿಂದೆವು. ರುಚಿಯಾಗಿತ್ತು. ಗುಮಾಸ್ತರು ಮಾತ್ರ ಪ್ರತಿ ತುತ್ತಿಗೂ ಹೊಳೆಯ ಕಡೆ ನೋಡುತ್ತಿದ್ದರು.

ಮಾರನೆಯ ಬೆಳಗ್ಗೆ ಸಾಹುಕಾರರು ಮಗಳು ಮಾಡಿಕೊಟ್ಟಿದ್ದ ಹೊಸ ದಾರವನ್ನು ಉರುಳೆಗೆ ಸುತ್ತಿ, ದೊಡ್ಡ ಉಂಡೆಯನ್ನು ಚುಚ್ಚಿ, ಬಂಡೆಯ ಮಗ್ಗುಲಿಗೆ ಬಿಟ್ಟರು. ಸೂರ್ಯ ಮರದ ಮೇಲೆ ಬರುವ ಹೊತ್ತಿಗೆ ಉರುಳೆ ಗರ್ರೆಂದು ತಿರುಗಿತು. ಸಾಹುಕಾರರು ಎದ್ದು ನಿಂತರು. ಕೋಲು ಬಿಲ್ಲಿನ ಹಾಗೆ ಬಾಗಿತು. ಹೊಳೆಯ ನಡುವೆ ದೊಡ್ಡ ಬಿಳಿಮೀನೊಂದು ಬೆನ್ನು ತೋರಿಸಿ ಮತ್ತೆ ಒಳಗೆ ಹೋಯಿತು. ಹೆಸರಿಗಷ್ಟೇ ಬಿಳಿ, ಹುರುಪೆಯೆಲ್ಲ ಬಂಗಾರದ ಬಣ್ಣ, ತೊಡೆಯಷ್ಟು ದಪ್ಪ. ಅಂಥದನ್ನು ಅವರೂ ಅದುವರೆಗೆ ಕಂಡಿರಲಿಲ್ಲವಂತೆ. "ಎಳೀಬ್ಯಾಡಿ, ಬುಡಿ, ಬುಡಿ" ಎಂದು ತಮಗೆ ತಾವೇ ಹೇಳಿಕೊಳ್ಳುತ್ತ ದಾರ ಬಿಡುತ್ತಿದ್ದರು, ಅದು ಸುಸ್ತಾದಾಗ ಸುತ್ತಿಕೊಳ್ಳುತ್ತಿದ್ದರು. ಪಂಚೆ ಸಡಿಲವಾಗಿ ಇಳಿಯತೊಡಗಿತು. ಬಿಗಿದುಕೊಳ್ಳಲು ಕೈ ಬಿಡುವಿಲ್ಲ. ನಾನು ಹಿಂದಿನಿಂದ ಹೋಗಿ ಅವರ ಪಂಚೆ ಹಿಡಿದುಕೊಂಡು ನಿಂತೆ.

ಹಿಂದೆ ಎತ್ತಿನ ಗಂಟೆಯ ಸದ್ದಾಯಿತು. ತಿರುಗಿ ನೋಡಿದೆ. ಮರಗಳ ನಡುವೆ ಒಂದು ಕಮಾನು ಗಾಡಿ ನಿಂತಿತ್ತು. ಅದರಿಂದ ಹಿತ್ತಾಳೆಯ ಬಿಂದಿಗೆ ಹಿಡಿದುಕೊಂಡು ಇಳಿಯುತ್ತಿದ್ದವರು ಯಳಂದೂರಿನ ಕಡೆಯ ಆ ಪಟೇಲರು.

ಶಿವನಸಮುದ್ರದ ಸೋಮೇಶ್ವರನಿಗೆ ಕೈಮುಗಿದು, ಕಾವೇರಿಯ ನೀರು ತುಂಬಿಕೊಂಡು, ಅದನ್ನು ಮಾದಪ್ಪನ ಬೆಟ್ಟಕ್ಕೆ ಒಯ್ದು ಅಭಿಷೇಕ ಮಾಡಿಸುವುದು ಅವರ ಮನೆಯ ಹರಕೆಯಾಗಿತ್ತು. ಎತ್ತಿಗೆ ನೀರು ಕುಡಿಸಲು ನಿಲ್ಲಿಸಿದ್ದರು. ಊರ ಜನ ಬಾರದ ಜಾಗವನ್ನು ಹುಡುಕಿ ಹುಡುಕಿ ಡೇರೆ ಹಾಕಿದ್ದ ನಮ್ಮ ಮುಂದೆ, ಯಾರು ಬರಬಾರದಾಗಿತ್ತೋ ಅವರೊಬ್ಬರೇ ಬಂದು ನಿಂತಿದ್ದರು. ಪಟೇಲರ ಕಣ್ಣು ಮೊದಲು ಬಾಣಲೆಯ ಮೇಲೆ ಬಿತ್ತು. ಅಲ್ಲಿಂದ ಹುಣಿಸೆಹಣ್ಣು, ಖಾರದ ಪುಡಿ, ಕೋಲು, ಕೋಲು ಹಿಡಿದ ವಿಭೂತಿಯ ಮನುಷ್ಯ.

"ಪುಳಿಯೋದರೈ, ಪಟೇಲ್ರೆ! ಪುಳಿಯೋಗರೆಗೆ!" ಎಂದು ಗುಮಾಸ್ತರು ಕೇಳದೆಯೇ ವಿವರಣೆ ಕೊಟ್ಟು, ಬಾಣಲೆಯನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡರು. ಆಮೇಲೆ ಈರುಳ್ಳಿ ಹೆಚ್ಚುವ ಚಾಕು ತಂದು ಸಾಹುಕಾರರ ಕಿವಿಯ ಹತ್ತಿರ ಪಿಸುಗುಟ್ಟಿದರು. "ಕತ್ತರಿಸಿಬಿಡಿ ಸಾವ್ಕಾರ್ರೆ. ಮೀನು ಓಡಿಹೋಗಲಿ. ಕೋಲು ನಮ್ಮದು ಅಂತ ಹೇಳ್ತೀವಿ. ಮಗಳ ಕಲ್ಯಾಣ ಮುಖ್ಯ!"

ಸಾಹುಕಾರರು ಚಾಕು ನೋಡಿದರು. ಪಟೇಲರನ್ನು ನೋಡಿದರು. ಬಿಗಿಯಾಗಿ ನಿಂತು ಗುಂಯ್‌ಗುಡುತ್ತಿದ್ದ ದಾರ ನೋಡಿದರು. ಅವರ ಮುಖ ಬೆವರಿನಿಂದ ತೊಯ್ದು, ವಿಭೂತಿ ಕರಗಿ ಹುಬ್ಬಿಗೆ ಇಳಿದಿತ್ತು. ನನಗೆ ಅವರ ಮೇಲೆ ಕನಿಕರ ಉಕ್ಕಿಬಂತು. ಕತ್ತರಿಸಲಿ, ದೇವರೇ, ಕತ್ತರಿಸಲಿ ಎಂದುಕೊಂಡೆ.

"ನನ್ ಮಗ್ಳು ಮಾಡಿದ್ ದಾರ ಕಣ್ರಿ" ಎಂದರು ಕಡೆಗೆ. "ನನ್ ಕೈಯಾರ ಎಂಗ್ರೀ ಕತ್ತರ್ಸ್ಲಿ?" ಆಮೇಲೆ, ಎರಡು ಕೈಯೂ ಕೋಲಿನ ಮೇಲೆ ಇದ್ದುದರಿಂದ ತಲೆ ಬಗ್ಗಿಸಿಯೇ ನಮಸ್ಕಾರ ಮಾಡಿ, "ಶರಣು ಪಟೇಲ್ರೆ, ಬನ್ನಿ, ಕುಂತ್ಕಳಿ" ಎಂದರು.

ಪಟೇಲರು ಕೂರಲಿಲ್ಲ, ಹೋಗಲೂ ಇಲ್ಲ. ಬಿಂದಿಗೆ ಹಿಡಿದುಕೊಂಡು ನಿಂತರು. ಮೀನು ಒಂದು ಸಲ ಬಂಡೆಯ ಹಿಂದಕ್ಕೆ ಓಡಿತು. ದಾರ ಕಲ್ಲಿಗೆ ತಾಗಿ ಉಜ್ಜಿಕೊಂಡಿತು. ಸಾಹುಕಾರರು ಮೊಳಕಾಲಷ್ಟು ನೀರಿಗೆ ಇಳಿದರು, ಪಂಚೆ ಹಿಡಿದಿದ್ದ ನಾನೂ ಇಳಿದೆ. ಆಗ ಮೀನು ಇಡೀ ಮೈಯನ್ನು ನೀರಿನಿಂದ ಮೇಲಕ್ಕೆಸೆದು ಬಿಸಿಲಿನಲ್ಲಿ ಒಮ್ಮೆ ಹೊಳೆದು, ದಾರವನ್ನು ಜಗ್ಗಿ ಬಿತ್ತು. ಹರಿಯಿತು ಎಂದು ನಾನು ಕಣ್ಣು ಮುಚ್ಚಿದೆ.

"ಉಘೇ!" ಎಂದು ಯಾರೋ ಕೂಗಿದರು.

ಕಣ್ಣು ಬಿಟ್ಟೆ. ದಾರ ಹರಿದಿರಲಿಲ್ಲ. ಮಾದಪ್ಪನಿಗೆ ಹಾಕುವ ಉಘೇಯನ್ನು ಮೀನಿಗೆ ಕೂಗಿದ್ದವರು ಪಟೇಲರು. ಬಾಯಿಗೆ ಕೈ ಅಡ್ಡ ಹಿಡಿದುಕೊಂಡು, ಕೂಗಿದವರು ಇನ್ಯಾರೋ ಎನ್ನುವ ಹಾಗೆ ಗಾಡಿಯ ಕಡೆ ನೋಡುತ್ತಿದ್ದರು.

ಕಡೆಗೂ ಮೀನು ದಂಡೆಗೆ ಬಂತು. ಸಾಹುಕಾರರು ಗಾಳ ಬಿಡಿಸಿ ಅದನ್ನು ನೀರಿನಲ್ಲೇ ಹಿಡಿದು ಕೂತರು. ಪಟೇಲರು ಹತ್ತಿರ ಬಂದರು.

"ತಿನ್ನಾಕಾ?"

"ಶಿವಶಿವಾ!"

"ಮಾರಾಕಾ?"

"ಅಲ್ಲ ಪಟೇಲ್ರೆ."

"ಮತ್ಯಾಕ್ ಇಡುದ್ರಿ?"

"ದಾರ ತಡೀತದಾ ಅಂತ ನೋಡಾಕೆ" ಎಂದರು ಸಾಹುಕಾರರು. ಆಮೇಲೆ ಎಂದಿನಂತೆ, "ಓಗು ಮಗ, ದಾರ ಎಂಗಿತ್ತು?" ಎಂದು ಕೈ ಬಿಟ್ಟರು. ಮೀನು ಸ್ವಲ್ಪ ಹೊತ್ತು ಅಲ್ಲೇ ನಿಂತು, ಬಾಲ ಆಡಿಸಿ ಹೋಯಿತು. ಗುಮಾಸ್ತರ ಬಾಯಿಂದ ಒಂದು ನಿಟ್ಟುಸಿರು ಬಂತು.

ಪಟೇಲರು ಬಿಂದಿಗೆ ಕೆಳಗಿಟ್ಟು ದಾರವನ್ನು ಎತ್ತಿಕೊಂಡರು. ಎರಡು ಕೈಗೂ ಸುತ್ತಿಕೊಂಡು ಬಲವಾಗಿ ಎಳೆದರು. ಕಲ್ಲಿಗೆ ಉಜ್ಜಿದ್ದ ಕಡೆ ಉಗುರಿನಿಂದ ಗೀರಿ ನೋಡಿದರು. "ಮಗು ಮಾಡಿದ್ದಾ?" ಎಂದರು. ಸಾಹುಕಾರರು ತಲೆಯಾಡಿಸಿದರು. ಪಟೇಲರು ದಾರ ಕೆಳಗಿಟ್ಟು, ಹೊಳೆಯಲ್ಲಿ ನಮ್ಮಿಂದ ಸಾಕಷ್ಟು ಮೇಲಕ್ಕೆ ನಡೆದು ಹೋಗಿ, ಅಲ್ಲಿ ಮುಳುಗಿ ಎದ್ದು, ಬಿಂದಿಗೆ ತುಂಬಿಕೊಂಡು ಗಾಡಿ ಹತ್ತಿ ಹೊರಟುಹೋದರು.

ಅವರು ಹೋದ ಮೇಲೆ ಸಾಹುಕಾರರು ಒದ್ದೆ ಪಂಚೆಯಲ್ಲೇ ಬಂಡೆಯ ಮೇಲೆ ಕೂತರು. ಕೋಲನ್ನು ನನ್ನ ಕಡೆಗೆ ತಳ್ಳಿದರು. "ತಕಳಿ, ನಿಮ್ಗೇ ಇರ್ಲಿ. ಮಗೀಗೆ ನಾನ್ ಯಾವ ಮೊಕ ತೋರ್ಸ್ಲಿ?" ಎಂದರು. ಕಣ್ಣು ತುಂಬಿಕೊಂಡಿದ್ದವು. ಡೇರೆ ಕಿತ್ತು ಊರಿಗೆ ಹೊರಟೆವು. ದಾರಿಯುದ್ದಕ್ಕೂ ಬಾಣಲೆ ಒಂದೇ ಗಡಗಡ ಎನ್ನುತ್ತಿತ್ತು.

ಆಮೇಲಿನ ದಿನಗಳಲ್ಲಿ ಅವರು ಅಂಗಡಿಯಲ್ಲಿ ಕೂತಿರುತ್ತಿದ್ದರು, ದಾರ ಮುಟ್ಟುತ್ತಿರಲಿಲ್ಲ. ಅಮ್ಮನವರು, ಮೀನಿಗೆ ಏನಾದರೂ ಕೆಟ್ಟದ್ದಾಯಿತೇ ಎಂದು ನನ್ನನ್ನು ಕೇಳಿದರು. ನಾನು ಇಲ್ಲಮ್ಮ, ಚೆನ್ನಾಗಿವೆ ಎಂದೆ. ಒಂದು ಮಧ್ಯಾಹ್ನ ಶಾಲೆಯಿಂದ ಬರುವಾಗ ಮನೆಯ ಮುಂದೆ ಅದೇ ಕಮಾನು ಗಾಡಿ ನಿಂತಿತ್ತು. ಒಳಗೆ ಹೋದೆ. ಪಟೇಲರು ಬೆಟ್ಟದ ಪ್ರಸಾದ ಮುಂದಿಟ್ಟುಕೊಂಡು ಜಮಖಾನದ ಮೇಲೆ ಕೂತಿದ್ದರು. ಸಾಹುಕಾರರು ಕಂಬಕ್ಕೆ ಒರಗಿ ನಿಂತಿದ್ದರು.

ಪಟೇಲರು ಅಮ್ಮನವರ ಕಡೆ ತಿರುಗಿ, "ಬಿಸ್ಲಲ್ಲಿ ಬಂದೆ ಕಣವ್ವ. ಒಂದ್ ಲೋಟ ಮಜ್ಗೆ ಕೊಡಿ" ಎಂದರು.

ಬಾಗಿಲ ಹಿಂದೆ ಬಳೆಯ ಸದ್ದಾಯಿತು. ಮಜ್ಜಿಗೆ ತಂದವಳು ಮಗಳು. ಪಟೇಲರು ಲೋಟವನ್ನು ಕೆಳಗಿಡದೆ ಗಟಗಟ ಕುಡಿದು, ಮೀಸೆ ಒರೆಸಿಕೊಂಡು, "ಇನ್ನೊಂದ್ ಲೋಟ ಕೊಡು ಮಗ" ಎಂದರು. ಸಾಹುಕಾರರು ಕಂಬ ಹಿಡಿದುಕೊಂಡು ಹಾಗೇ ಕೆಳಗೆ ಕೂತುಬಿಟ್ಟರು. ಆ ಮನೆಗೆ ಇದಕ್ಕಿಂತ ದೊಡ್ಡ ಒಪ್ಪಿಗೆ ಬೇಕಿರಲಿಲ್ಲ.

ಹೊರಡುವಾಗ ಪಟೇಲರು ಚಪ್ಪಲಿ ಮೆಟ್ಟಿಕೊಳ್ಳುವ ನೆವದಲ್ಲಿ ಬಗ್ಗಿ, ಸಾಹುಕಾರರ ಕಿವಿಯಲ್ಲಿ ಹೇಳಿದ್ದು ಪಕ್ಕದಲ್ಲಿದ್ದ ನನಗೂ ಕೇಳಿಸಿತು. "ಬೆಟ್ಟ ಅತ್ತೋವಾಗ್ಲೂ ಅದೇ ಗ್ಯಾನ ಕಣ್ರಿ. ಅದು ನೆಗ್ದಿದ್ದು. ಇನ್ನೊಂದ್ ಸಲ ಓಗೋದಾದ್ರೆ ನಂಗೂ ಯೋಳ್ಕಳ್ಸಿ."

ಕೋಲು ನನಗೆ ದಕ್ಕಲಿಲ್ಲ. ಮದುವೆ ಮುಗಿದು ಮನೆಯ ಚಪ್ಪರ ಬಿಚ್ಚುವ ಮೊದಲೇ ಸಾಹುಕಾರರು ಬಂದು, "ಮೇಷ್ಟ್ರೆ, ಬೀಗ್ರು ಬಂದವ್ರೆ, ಆ ಕೋಲು..." ಎಂದು ತಲೆ ಕೆರೆದುಕೊಂಡರು. ಅಂದಿನಿಂದ ಮೀನಿಗೆ ಊಟ ಹಾಕುವ ಹರಕೆ ಇಬ್ಬರದಾಯಿತು. ನಾನೂ ಎಷ್ಟೋ ಸಲ ಜೊತೆಗೆ ಹೋಗಿದ್ದೇನೆ. ಪಟೇಲರಂಥ ದಡ್ಡ ಶಿಷ್ಯ ಇನ್ನೊಬ್ಬನಿರಲಿಲ್ಲ. ಎಸೆದ ಗಾಳ ಅವರ ಪೇಟಕ್ಕೇ ಸಿಕ್ಕಿಕೊಳ್ಳುತ್ತಿತ್ತು. ಸಾಹುಕಾರರು ಅದನ್ನು ಬಿಡಿಸುತ್ತ, "ಬೀಗ್ರೆ, ಓಗು ಮಗ ಅಂತ ನಿಮ್ಮುನ್ನೂ ಒಳೆಗೆ ಬುಡ್ಲಾ?" ಎಂದು ನಗುತ್ತಿದ್ದರು. ಊರಲ್ಲಿ ಯಾರ ಜೊತೆಯೂ ನಗದ ಪಟೇಲರು ಅಲ್ಲಿ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಗುಮಾಸ್ತರು ವರ್ಗವಾಗಿ ಕೊಯಮತ್ತೂರಿಗೆ ಹೋದರು. ಹೋಗುವಾಗ ಬಾಣಲೆಯನ್ನು ನನಗೆ ಕೊಟ್ಟರು, ಅದು ಮೀನನ್ನೇ ಕಾಣದ ಬಾಣಲೆ ಎಂದು ನೊಂದುಕೊಂಡು.

ಹೋದ ವಾರ ಮೂರನೆಯ ದಿನ, ತೋಟದ ಮೂಲೆಯಲ್ಲಿ ಅವರ ಸಮಾಧಿಯ ಮುಂದೆ ಎಲೆ ಹಾಸಿ ಎಡೆ ಇಟ್ಟರು. ಹಾಲು ತುಪ್ಪ ಬಿಟ್ಟಾದ ಮೇಲೆ, ಸತ್ತವರು ಇಷ್ಟಪಡುತ್ತಿದ್ದುದನ್ನು ಒಬ್ಬೊಬ್ಬರಾಗಿ ಇಡುವುದು ನಮ್ಮ ಕಡೆಯ ಪದ್ಧತಿ. ಮಗಳು ಒಬ್ಬಟ್ಟು ಇಟ್ಟಳು. ಅಂಗಡಿಯವರು ಎಲೆ ಅಡಿಕೆ ಇಟ್ಟರು. ನಾನು ಬಾಳೆಹಣ್ಣು ಇಟ್ಟೆ. ಎಲ್ಲರದೂ ಮುಗಿದ ಮೇಲೆ ಪಟೇಲರು ಮುಂದೆ ಬಂದರು. ಬಹಳ ಇಳಿದುಹೋಗಿದ್ದರು. ಅಂಗಿಯ ಜೇಬಿನಿಂದ ಬಾಳೆ ಎಲೆಯ ಪೊಟ್ಟಣ ತೆಗೆದು ಬಿಚ್ಚಿ, ನಿಂಬೆಹಣ್ಣಿನ ಗಾತ್ರದ ಒಂದು ರಾಗಿ ಉಂಡೆಯನ್ನು ಒಬ್ಬಟ್ಟಿನ ಪಕ್ಕ ಇಟ್ಟರು. ಇಂಗಿನ ವಾಸನೆ ಬಂತು. ನೆಂಟರು ಮುಖ ಮುಖ ನೋಡಿಕೊಂಡರು.

"ಇದೇನ್ ಬೀಗ್ರೆ?" ಎಂದು ಯಾರೋ ಕೇಳಿದರು.

"ಮೀನ್ಗೆ ಊಟ ಆಕ್ತಿದ್ರಲ್ಲ, ಅದ್ಕೇಯ" ಎಂದು ಪಟೇಲರು ನೆಲ ನೋಡುತ್ತ ಹೇಳಿದರು. ನಾನೂ ನೆಲ ನೋಡಿದೆ.

ಅಮ್ಮನವರು ಕೂತಲ್ಲಿಂದ ಎದ್ದು ಬಂದರು. ಉಂಡೆಯನ್ನು ಕೈಗೆ ತೆಗೆದುಕೊಂಡು, ತಿರುಗಿಸಿ, ಒತ್ತಿ ನೋಡಿದರು.

"ಬರೀ ಉಂಡೆ ಇಟ್ಟಿದ್ದೀರಲ್ಲ ಬೀಗ್ರೆ" ಎಂದರು. "ಗಾಳ ಎಲ್ಲಿ?"

ಅಮ್ಮನವರು ಸೆರಗಿನ ಗಂಟು ಬಿಚ್ಚಿದರು. ಒಳಗೆ ತುಕ್ಕು ಹಿಡಿದ ಒಂದು ಗಾಳವಿತ್ತು.

"ಒಳೆಯಿಂದ ಬಂದಾಗ್ಲೆಲ್ಲ ಪಂಚೆಗೆ ಸಿಕ್ಕುಸ್ಕಂಡ್ ಬರೋರು. ಒಗೆಯೋವಾಗ ನನ್ ಕೈಗೆ ಚುಚ್ಚೋದು. ಪಾಪ, ಮುಚ್ಚಿಟ್ಕಂಡು ಕುಸಿಯಾಗವ್ರೆ, ನಾನ್ಯಾಕೆ ಕೇಳ್ಲಿ ಅಂತ ಸುಮ್ಕಿದ್ದೆ" ಎಂದು, ಎಷ್ಟೋ ಸಲ ಮಾಡಿದವರ ಹಾಗೆ ಗಾಳವನ್ನು ಉಂಡೆಯೊಳಗೆ ಒತ್ತಿ, ಮೇಲೆ ಹಿಟ್ಟು ಸವರಿ ಮುಚ್ಚಿದರು. ನೆಂಟರೆಲ್ಲ ನೋಡುತ್ತಿದ್ದರು. ಮಗಳು ಸೆರಗನ್ನು ಬಾಯಿಗೆ ಒತ್ತಿಕೊಂಡಿದ್ದಳು, ನಗುತ್ತಿದ್ದಳೋ ಅಳುತ್ತಿದ್ದಳೋ ಹೇಳಲಾರೆ. ಅಮ್ಮನವರು ಉಂಡೆಯನ್ನು ಎಲೆಯ ನಡುವೆ ಇಟ್ಟು, ಹಸಿ ಮಣ್ಣಿನ ಮೇಲೆ ಅಂಗೈ ಊರಿ, ಹೊಸಿಲಲ್ಲಿ ನಿಂತು ಹೇಳುತ್ತಿದ್ದ ಅದೇ ದನಿಯಲ್ಲಿ ಹೇಳಿದರು.

"ಓಗ್ಬನ್ನಿ. ಎಲ್ಲಕ್ಕೂ ಒಟ್ಟೆ ತುಂಬಾ ಆಕಿ."